ಒಲ್ಲೆ ಎನ್ನುವ ಹಕ್ಕು

ಊರಿಗೆ ಹೋಗಿ ಪರ್ತ್‌ಗೆ ಮರಳುವಾಗಲೆಲ್ಲ ವಿಮಾನ ನಿಲ್ದಾಣದಲ್ಲಿ ನನ್ನ ಬೂಟುಗಳ ತಪಾಸಣೆಯಾಗುತ್ತದೆ. ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಮಣ್ಣು ಅಥವಾ ಮಣ್ಣು ಹತ್ತಿದ ಪಾದರಕ್ಷೆ ಇದೆಯೇ ಎಂಬ ಪ್ರಶ್ನೆಗೆ ನಾನು ಪ್ರಾಮಾಣಿಕವಾಗಿ 'ಹೌದು' ಎಂದು ಗುರುತು ಹಾಕುತ್ತೇನೆ. ಸಂಡೂರಿನ ಮಣ್ಣು ಸುಲಭಕ್ಕೆ ಬಿಡುವಂಥದ್ದಲ್ಲ. ಎಷ್ಟು ತೊಳೆದರೂ ಹೊಲಿಗೆಯ ಸಂದಿನಲ್ಲಿ ಒಂದು ಕೆಂಪು ಗೆರೆ ಉಳಿದೇ ಇರುತ್ತದೆ. ಕಳೆದ ಸಲ ಅಟ್ಟೆಯನ್ನು ಬ್ರಷ್ಷಿನಿಂದ ಉಜ್ಜಿ ಕೊಡುತ್ತಿದ್ದ ಅಧಿಕಾರಿ ಮಹಿಳೆ, "ಪಿಲ್ಬರಾದಲ್ಲಿ ಕೆಲಸ ಮಾಡುತ್ತೀರಾ?" ಎಂದು ಕೇಳಿದರು. "ಇಲ್ಲ, ಇದು ನಮ್ಮೂರಿನ ಮಣ್ಣು" ಎಂದೆ. ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಬಣ್ಣ ಅಷ್ಟು ಒಂದೇ ಥರ.

ಚಿಟಿಕೆ ಮಣ್ಣು ಒಳಗೆ ಬರದಂತೆ ಇಷ್ಟು ಎಚ್ಚರ ವಹಿಸುವ ಈ ದೇಶ ಅದೇ ಬಣ್ಣದ ಮಣ್ಣನ್ನು ಹಡಗುಗಟ್ಟಲೆ ಹೊರಗೆ ಕಳಿಸುತ್ತದೆ. ಇದನ್ನು ಹೇಳಿ ನಗುವುದು ಸುಲಭ. ಆದರೆ ಹಾಗೆ ನಗಲು ನನಗೆ ಅಧಿಕಾರವಿಲ್ಲ. ಪರ್ತ್‌ನಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಉತ್ತರದಲ್ಲಿರುವ ಪಿಲ್ಬರಾದ ಗಣಿಗಳಲ್ಲಿ ಅದಿರು ಸಾಗಿಸುವ ಕನ್ವೇಯರ್ ಬೆಲ್ಟುಗಳು ಯಾವಾಗ ನಿಲ್ಲಬೇಕು, ಯಾವಾಗ ರಿಪೇರಿಯಾಗಬೇಕು ಎಂಬ ಪಟ್ಟಿ ಮಾಡುವುದು ನನ್ನ ಕೆಲಸ. ಹದಿನೈದು ವರ್ಷಗಳಿಂದ ನನ್ನ ಮನೆಯ ಕಂತು, ಮಕ್ಕಳ ಶಾಲೆ ಎಲ್ಲವೂ ನಡೆದಿರುವುದು ಇದರಿಂದಲೇ. ಅದಕ್ಕೂ ಮೊದಲು ನಾನು ಇಲ್ಲಿಗೆ ಬರಲು ಸಾಧ್ಯವಾದದ್ದೂ ಇನ್ನೊಂದು ಕೆಂಪು ಮಣ್ಣಿನ ದುಡ್ಡಿನಿಂದ. ಆ ಕಥೆ ಹೇಳದೆ ಗಣಿಗಾರಿಕೆಯ ನ್ಯಾಯ ಅನ್ಯಾಯಗಳ ಬಗ್ಗೆ ಬರೆಯುವುದು ಸರಿಯಲ್ಲ.

ನನ್ನ ಸೋದರಮಾವನಿಗೆ ಸಂಡೂರಿನಿಂದ ಹೊಸಪೇಟೆಗೆ ಹೋಗುವ ರಸ್ತೆಯ ಪಕ್ಕ ಐದು ಎಕರೆ ಹೊಲವಿತ್ತು. ಮಳೆಯಾದರೆ ಜೋಳ, ಶೇಂಗಾ, ಆಗದಿದ್ದರೆ ಸಾಲ. 2005ರ ಹೊತ್ತಿಗೆ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿತ್ತು. ಲಾರಿಗಳು ರಾತ್ರಿ ಹಗಲು ಸಾಲುಗಟ್ಟಿ ಓಡುತ್ತಿದ್ದವು. ಅದಿರಿನ ರಾಶಿ ಹಾಕಲು ರಸ್ತೆ ಬದಿಯ ಹೊಲಗಳನ್ನು ಬಾಡಿಗೆಗೆ ಕೇಳಿಕೊಂಡು ಜನ ಬರುತ್ತಿದ್ದರು. ಮಾವನೂ ಕೊಟ್ಟ. ಹತ್ತು ವರ್ಷ ದುಡಿದರೂ ಬಾರದ ದುಡ್ಡು ಎರಡೇ ವರ್ಷದಲ್ಲಿ ಬಂತು. ಅದರಲ್ಲಿ ಅಕ್ಕನ ಮದುವೆಯಾಯಿತು, ನನ್ನ ಎಂಜಿನಿಯರಿಂಗ್ ಕೊನೆಯ ವರ್ಷದ ಫೀಸು ಕಟ್ಟಿದ್ದಾಯಿತು, ನಾನು ಮೊದಲ ಸಲ ವಿಮಾನ ಹತ್ತಿದ್ದೂ ಆಯಿತು.

2011ರಲ್ಲಿ ಎಲ್ಲ ನಿಂತಿತು. ಬಾಡಿಗೆ ಕೊಡುತ್ತಿದ್ದವರು ಫೋನ್ ಎತ್ತುವುದನ್ನು ಬಿಟ್ಟರು. ಹೊಲದಲ್ಲಿ ಮೊಣಕಾಲುದ್ದ ಅದಿರಿನ ಪುಡಿ ಉಳಿಯಿತು. ಅದರ ಮೇಲೆ ಹುಲ್ಲು ಸಹ ಹುಟ್ಟಲಿಲ್ಲ. "ಯಾಕೆ ಕೊಟ್ಟೆ ಮಾವ?" ಎಂದು ಒಂದು ಸಲ ಕೇಳಿದ್ದೆ. ನನ್ನ ಓದಿಗೂ ಅದೇ ದುಡ್ಡು ಬಳಕೆಯಾಗಿತ್ತು ಎಂಬುದನ್ನು ಮರೆತು ಕೇಳಿದ ಪ್ರಶ್ನೆ ಅದು. ಆತ ಸಿಟ್ಟಾಗಲಿಲ್ಲ.

"ನೋಡಪ, ನನ್ನ ಕೇಳಲಿಲ್ಲ ಅಂತ ನಾನು ಹೇಳಂಗಿಲ್ಲ. ಕೇಳಿದ್ರು. ಆದ್ರ ಆ ಕಡೆ ಈ ಕಡೆ ಹೊಲದಾಗೆಲ್ಲ ರಾಶಿ ಬಿದ್ದ ಮ್ಯಾಲೆ ಕೇಳಿದ್ರು. ಧೂಳು ಬಿದ್ದು ನನ್ನ ಶೇಂಗಾ ಆಗ್ಲೇ ಸತ್ತಿತ್ತು. ಒಲ್ಲೆ ಅಂದಿದ್ರ ಏನು ಉಳೀತಿತ್ತು?"

ಈ ಮಾತಿನ ಪೂರ್ತಿ ಅರ್ಥ ನನಗೆ ಆದದ್ದು ಒಂಬತ್ತು ವರ್ಷಗಳ ನಂತರ, ಬೇರೆ ನೆಲದಲ್ಲಿ ನಡೆದ ಬೇರೆ ಒಂದು ಘಟನೆಯಿಂದ.

2020ರ ಮೇ 24ರಂದು ಪಿಲ್ಬರಾದ ಜೂಕನ್ ಕಮರಿಯಲ್ಲಿ ರಿಯೋ ಟಿಂಟೋ ಕಂಪನಿ ತನ್ನ ಕಬ್ಬಿಣದ ಗಣಿಯನ್ನು ವಿಸ್ತರಿಸಲು ನಡೆಸಿದ ಸ್ಫೋಟದಲ್ಲಿ ಎರಡು ಕಲ್ಲಿನ ಗುಹೆಗಳು ನಾಶವಾದವು. ಅವುಗಳಲ್ಲಿ ಒಂದರಲ್ಲಿ 46,000 ವರ್ಷಗಳಷ್ಟು ಹಿಂದಿನಿಂದ ಮನುಷ್ಯರು ಆಸರೆ ಪಡೆದಿದ್ದಕ್ಕೆ ಕುರುಹುಗಳಿದ್ದವು. ಅಲ್ಲಿ ಸಿಕ್ಕಿದ್ದ ವಸ್ತುಗಳಲ್ಲಿ 28,000 ವರ್ಷ ಹಳೆಯ ಕಾಂಗರೂ ಮೂಳೆಯ ಉಪಕರಣವಿತ್ತು. ಸುಮಾರು 4,000 ವರ್ಷ ಹಿಂದೆ ಮನುಷ್ಯರ ಕೂದಲಿನಿಂದ ಹೆಣೆದ ಪಟ್ಟಿಯ ತುಣುಕೂ ಇತ್ತು. ಆ ಕೂದಲು ಇವತ್ತೂ ಆ ನೆಲದ ಹಕ್ಕುದಾರರಾಗಿರುವ ಪೂಟು ಕುಂಟಿ ಕುರ್ರಾಮ ಮತ್ತು ಪಿನಿಕುರ ಜನರ ನೇರ ಪೂರ್ವಿಕರದು ಎಂದು ಡಿಎನ್‌ಎ ಪರೀಕ್ಷೆ ತೋರಿಸಿತ್ತು. ನೂರೈವತ್ತು ತಲೆಮಾರುಗಳ ಹಿಂದಿನ ಅಜ್ಜಿಯ ಕೂದಲು ಸಿಕ್ಕಿದ ಮನೆ ಅದು.

ನಮ್ಮ ಕ್ಯಾಂಟೀನಿನಲ್ಲಿ ಆ ವಾರ ಎಲ್ಲರೂ ಕೇಳಿದ ಮೊದಲ ಪ್ರಶ್ನೆ: "ಇದು ಕಾನೂನುಬಾಹಿರ ಅಲ್ಲವೇ?" ಅಲ್ಲ. ಅದೇ ಇದರ ವಿಶೇಷ. ಪಶ್ಚಿಮ ಆಸ್ಟ್ರೇಲಿಯಾದ 1972ರ ಮೂಲನಿವಾಸಿ ಪರಂಪರೆ ಕಾಯ್ದೆಯ 18ನೆಯ ಕಲಮಿನ ಅಡಿಯಲ್ಲಿ ಸಚಿವರು 2013ರಲ್ಲಿಯೇ ಅನುಮತಿ ಕೊಟ್ಟಿದ್ದರು. ಅತ್ಯಂತ ಮಹತ್ವದ ವಸ್ತುಗಳು ಸಿಕ್ಕಿದ್ದು ಮರುವರ್ಷ, 2014ರ ಉತ್ಖನನದಲ್ಲಿ. ಹೊಸ ಸಂಗತಿ ತಿಳಿದಾಗ ಕೊಟ್ಟ ಅನುಮತಿಯನ್ನು ಮತ್ತೆ ಪರಿಶೀಲಿಸಬೇಕೆಂಬ ನಿಯಮ ಆ ಕಾಯ್ದೆಯಲ್ಲಿ ಇರಲಿಲ್ಲ. ಸಚಿವರ ತೀರ್ಮಾನದ ವಿರುದ್ಧ ಮೇಲ್ಮನವಿ ಹೋಗುವ ಹಕ್ಕು ಗಣಿಯವರಿಗಿತ್ತು. ನೆಲದ ಜನರಿಗೆ ಇರಲಿಲ್ಲ. 2020ರ ಮೇ ತಿಂಗಳಲ್ಲಿ, ಜುಲೈನ ಉತ್ಸವಕ್ಕೆ ಆ ಜಾಗಕ್ಕೆ ಹೋಗಿಬರಲು ಅವಕಾಶ ಕೇಳಿದಾಗಲೇ ಸ್ಫೋಟಕ್ಕೆ ಸಿದ್ಧತೆ ನಡೆದಿರುವುದು ಅವರಿಗೆ ತಿಳಿದದ್ದು. ಮದ್ದು ತುಂಬಿಯಾಗಿದೆ, ತೆಗೆಯುವುದು ಅಪಾಯ ಎಂಬ ಉತ್ತರ ಬಂತು.

ಮುಂದೆ ಸಂಸತ್ತಿನ ಸಮಿತಿಯ ವಿಚಾರಣೆಯಲ್ಲಿ ಇನ್ನೊಂದು ಸಂಗತಿ ಹೊರಬಂತು. ಗಣಿ ವಿಸ್ತರಿಸಲು ಕಂಪನಿಯ ಮುಂದೆ ನಾಲ್ಕು ದಾರಿಗಳಿದ್ದವು. ಮೂರರಲ್ಲಿ ಗುಹೆಗಳು ಉಳಿಯುತ್ತಿದ್ದವು. ನಾಲ್ಕನೆಯದರಲ್ಲಿ ಸುಮಾರು 80 ಲಕ್ಷ ಟನ್ ಒಳ್ಳೆಯ ಅದಿರು, ಸುಮಾರು 13.5 ಕೋಟಿ ಆಸ್ಟ್ರೇಲಿಯನ್ ಡಾಲರ್ ಬೆಲೆಯದು, ಹೆಚ್ಚಿಗೆ ಸಿಗುತ್ತಿತ್ತು. ಉಳಿದ ಮೂರು ದಾರಿಗಳಿದ್ದುದನ್ನು ಆ ಜನರಿಗೆ ಹೇಳಿರಲಿಲ್ಲ. ಆದರೆ ಆ ಜನರೂ ಕಂಪನಿಯೂ ಸಹಿ ಮಾಡಿದ ಒಂದು ಒಪ್ಪಂದವಿತ್ತು. ಅಂದರೆ ಅವರನ್ನೂ ಕೇಳಲಾಗಿತ್ತು, ನನ್ನ ಮಾವನನ್ನು ಕೇಳಿದ ಹಾಗೆ.

ಇಲ್ಲಿಂದ ನಮ್ಮ ಬಳ್ಳಾರಿಯ ಕಡೆ ತಿರುಗಿ ನೋಡಿದರೆ ಚಿತ್ರ ಮೇಲುನೋಟಕ್ಕೆ ಪೂರ್ತಿ ಬೇರೆ. ಅಲ್ಲಿ ಆದದ್ದು ಕಾನೂನಿನ ಉಲ್ಲಂಘನೆ. ಗುತ್ತಿಗೆಯ ಗಡಿ ಮೀರಿ ಅಗೆದರು, ಅರಣ್ಯದಲ್ಲಿ ರಸ್ತೆ ಕಡಿದರು, ಪರವಾನಗಿಗಿಂತ ಹೆಚ್ಚು ಸಾಗಿಸಿದರು. ಕರ್ನಾಟಕ ಮತ್ತು ಆಂಧ್ರದ ಗಡಿಯ ಸುಗ್ಗಲಮ್ಮ ದೇವಿಯ ಹಳೆಯ ಗುಡಿ 2006ರಲ್ಲಿ ಸ್ಫೋಟಕ್ಕೆ ಸಿಕ್ಕಿ ನೆಲಸಮವಾಯಿತು. 2010ರಲ್ಲಿ ಸರ್ಕಾರ ಜಪ್ತಿ ಮಾಡಿ ಇಟ್ಟಿದ್ದ ಲಕ್ಷಾಂತರ ಟನ್ ಅದಿರು ಬೇಲೇಕೇರಿ ಬಂದರಿನಿಂದ ಮಾಯವಾಯಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2008ರಲ್ಲಿ ಮೊದಲ ವರದಿ, 2011ರ ಜುಲೈನಲ್ಲಿ ಎರಡನೆಯ ವರದಿ ಕೊಟ್ಟರು. ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರುಗಳಿಗೂ ಆ ಆದೇಶ ಅನ್ವಯಿಸಿತು.

ಒಂದು ಕಡೆ ಕಾನೂನನ್ನು ಗಾಳಿಗೆ ತೂರಿ ಗುಡಿ ಒಡೆದರು. ಇನ್ನೊಂದು ಕಡೆ ಕಾನೂನನ್ನು ಅಕ್ಷರಶಃ ಪಾಲಿಸಿ ಗುಹೆ ಒಡೆದರು. ಬಹುಕಾಲ ನಾನು ನಂಬಿದ್ದು, ನಮ್ಮ ಊರಿನ ರೋಗಕ್ಕೆ ಈ ಊರಿನ ಔಷಧಿಯೇ ಮದ್ದು ಎಂದು. ಇಲ್ಲಿಯಂತೆ ಅಲ್ಲಿಯೂ ತೂಕದ ಯಂತ್ರ ಸರಿಯಾಗಿದ್ದರೆ, ಅಧಿಕಾರಿ ಲಂಚ ತಿನ್ನದಿದ್ದರೆ, ಪ್ರತಿ ಲಾರಿಗೂ ಕಾಗದ ಇದ್ದರೆ ಎಲ್ಲ ಸರಿಹೋಗುತ್ತದೆ ಎಂದು. ಜೂಕನ್ ಆ ನಂಬಿಕೆಯನ್ನು ಅಲ್ಲಾಡಿಸಿತು. ಕಾಗದವೆಲ್ಲ ಸರಿಯಾಗಿದ್ದೂ ಅನ್ಯಾಯ ಆಗಬಹುದಾದರೆ, ಗಣಿಗಾರಿಕೆಯ ನಿಯಂತ್ರಣ ಎಂದರೆ ನಾವು ಏನನ್ನು ನಿಯಂತ್ರಿಸುತ್ತಿದ್ದೇವೆ?

ಇದಕ್ಕೆ ಉತ್ತರ ಹುಡುಕುವಾಗ ಒಂದು ದಿನಾಂಕ ನನ್ನ ಗಮನಕ್ಕೆ ಬಂತು: 2013ರ ಏಪ್ರಿಲ್ 18. ಅಂದು ಸುಪ್ರೀಂ ಕೋರ್ಟಿನ ಅದೇ ಮೂವರು ನ್ಯಾಯಮೂರ್ತಿಗಳ ಪೀಠ ಗಣಿಗಾರಿಕೆಯ ಬಗ್ಗೆ ಎರಡು ತೀರ್ಪು ಕೊಟ್ಟಿತು. ಒಂದು ಕರ್ನಾಟಕದ್ದು, ಇನ್ನೊಂದು ಒಡಿಶಾದ ನಿಯಮಗಿರಿಯದ್ದು.

ಕರ್ನಾಟಕದ ತೀರ್ಪು ಅಳತೆಯ ತೀರ್ಪು. ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಹೆಚ್ಚು ಅಕ್ರಮ ನಡೆಸಿದ ಸುಮಾರು 50 'ಸಿ' ಗುತ್ತಿಗೆಗಳನ್ನು ರದ್ದು ಮಾಡಿತು. ಬಳ್ಳಾರಿಯಿಂದ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರು ಸೇರಿ 50 ಲಕ್ಷ ಟನ್ ಎಂಬ ಮಿತಿಗೆ ಮುದ್ರೆ ಬಿತ್ತು. ಗಣಿ ಮತ್ತೆ ತೆರೆಯಬೇಕಾದರೆ ನೆಲವನ್ನು ಸರಿಪಡಿಸುವ ಯೋಜನೆ ಇರಲೇಬೇಕು ಎಂದಾಯಿತು. ಅಷ್ಟು ದೊಡ್ಡ ಲೂಟಿಯನ್ನು ನಿಲ್ಲಿಸಿದ ಆ ತೀರ್ಪನ್ನು ನಾನು ಹಗುರವಾಗಿ ಕಾಣುವುದಿಲ್ಲ.

ನಿಯಮಗಿರಿಯ ತೀರ್ಪು ಕೇಳುವ ತೀರ್ಪು. ಅಲ್ಲಿ ಬೆಟ್ಟದ ತುದಿಯ ಬಾಕ್ಸೈಟನ್ನು ತೆಗೆಯಬೇಕಿತ್ತು. ಡೋಂಗ್ರಿಯಾ ಕೋಂಧರಿಗೆ ಆ ತುದಿ ನಿಯಮರಾಜನ ನೆಲೆ. ತಮ್ಮ ಹಕ್ಕುಗಳು, ತಮ್ಮ ದೇವರ ಜಾಗ ಯಾವುದು ಎಂಬುದನ್ನು ಗ್ರಾಮಸಭೆಗಳೇ ಪರಿಶೀಲಿಸಲಿ, ಅದರ ಆಧಾರದ ಮೇಲೆ ಸಚಿವಾಲಯ ಅಂತಿಮ ನಿರ್ಧಾರ ತೆಗೆದುಕೊಳ್ಳಲಿ ಎಂದು ಕೋರ್ಟು ಹೇಳಿತು. ಸಭೆಗಳಿಗೆ ಜಿಲ್ಲಾ ನ್ಯಾಯಾಧೀಶರ ದರ್ಜೆಯ ವೀಕ್ಷಕರೊಬ್ಬರು ಇರಬೇಕೆಂದಿತು. ರಾಜ್ಯ ಸರ್ಕಾರ 12 ಹಳ್ಳಿಗಳನ್ನು ಆರಿಸಿತು. ಆ ವರ್ಷದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹನ್ನೆರಡೂ ಹಳ್ಳಿಗಳು ಒಲ್ಲೆವು ಎಂದವು. 2014ರ ಜನವರಿಯಲ್ಲಿ ಸಚಿವಾಲಯ ಯೋಜನೆಯನ್ನು ತಿರಸ್ಕರಿಸಿತು.

ಎರಡೂ ತೀರ್ಪುಗಳ ಮುಂದಿನ ಬಾಳು ನೋಡಿ. ಕರ್ನಾಟಕದ ಮಿತಿ 2017ರಲ್ಲಿ ಏರಿತು. 2022ರ ಆಗಸ್ಟಿನಲ್ಲಿ ಮತ್ತೆ ಏರಿ ಬಳ್ಳಾರಿಗೆ 3.5 ಕೋಟಿ, ಚಿತ್ರದುರ್ಗ ಮತ್ತು ತುಮಕೂರಿಗೆ 1.5 ಕೋಟಿ ಟನ್ ಆಯಿತು. ಏರಿಸಲು ಕಾರಣಗಳು ಇದ್ದವು. ಸಂಖ್ಯೆಯ ಸ್ವಭಾವವೇ ಹಾಗೆ, ಅದಕ್ಕೆ ಇನ್ನೊಂದು ಸಂಖ್ಯೆಯನ್ನು ಎದುರಿಟ್ಟರೆ ಬದಲಾಗುತ್ತದೆ. ಎಷ್ಟು ತೆಗೆಯಬಹುದು ಎಂಬ ಪ್ರಶ್ನೆಯೊಳಗೆ ತೆಗೆಯಬಹುದೇ ಎಂಬ ಪ್ರಶ್ನೆಗೆ ಆಗಲೇ 'ಹೌದು' ಎಂಬ ಉತ್ತರ ಸೇರಿಕೊಂಡಿರುತ್ತದೆ. ನಿಯಮಗಿರಿಯಲ್ಲಿ ಉತ್ತರ ಕೊಟ್ಟವರು ಅಲ್ಲಿಯೇ ಬದುಕುತ್ತಿದ್ದ ಜನ. ಬೆಟ್ಟದ ತುದಿಯನ್ನು ಅಗೆಯದೆ ಬಿಟ್ಟದ್ದು ಅವರ ಮಾತಿನಿಂದ.

ಸಂಡೂರಿನ ಹಳ್ಳಿಗಳಿಗೆ ಆ ಅವಕಾಶ ಯಾಕಿಲ್ಲ? ಗ್ರಾಮಸಭೆಗೆ ವಿಶೇಷ ಬಲ ಕೊಡುವ 1996ರ ಪೆಸಾ ಕಾಯ್ದೆ ಸಂವಿಧಾನದ ಐದನೆಯ ಅನುಸೂಚಿಯ ಪ್ರದೇಶಗಳಿಗೆ ಮಾತ್ರ ಅನ್ವಯ. ಕರ್ನಾಟಕದಲ್ಲಿ ಅಂಥ ಪ್ರದೇಶ ಒಂದೂ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಇದೆ, ಆದರೆ ಅದು ಅರಣ್ಯದ ಮೇಲೆ ಹಕ್ಕು ಇರುವವರದು. ಉಳಿದವರಿಗೆ ಇರುವುದು ಪರಿಸರ ಅನುಮತಿಗೆ ಮೊದಲು ನಡೆಯುವ ಸಾರ್ವಜನಿಕ ಅಹವಾಲು ಸಭೆ. ಶಾಮಿಯಾನದ ಕೆಳಗೆ ಜನ ಮಾತಾಡುತ್ತಾರೆ, ಅಧಿಕಾರಿಗಳು ಬರೆದುಕೊಳ್ಳುತ್ತಾರೆ. ಬರೆದುಕೊಂಡದ್ದಕ್ಕೆ ಕಟ್ಟುಬೀಳಬೇಕೆಂಬ ನಿಯಮವಿಲ್ಲ. 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದವು. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಸಾವಿರಾರು ಕೋಟಿ ರೂಪಾಯಿಗಳ ಯೋಜನೆ ಬಂತು. ಇವು ಬೇಕು. ಆದರೆ ಹಾನಿಯಾದ ಮೇಲೆ ಕೊಡುವ ಪರಿಹಾರ, ಹಾನಿಗೆ ಮೊದಲು ಕೇಳುವ ಮಾತಿಗೆ ಬದಲಿಯಾಗುವುದಿಲ್ಲ. 2024ರಲ್ಲಿ ಸಂಡೂರಿನ ದೇವದಾರಿ ಬೆಟ್ಟದ ಸುಮಾರು 400 ಹೆಕ್ಟೇರ್ ಅರಣ್ಯದಲ್ಲಿ ಗಣಿಗಾರಿಕೆಯ ವಿಷಯ ಮತ್ತೆ ಎದ್ದಾಗ ಕೇಂದ್ರ ಏನೆಂದಿತು, ರಾಜ್ಯ ಏನೆಂದಿತು ಎಂಬುದೇ ದೊಡ್ಡ ಸುದ್ದಿಯಾಯಿತು. ಪ್ರತಿಭಟನೆಗೆ ಕೂತಿದ್ದ ಊರಿನವರು ಒಳಪುಟಗಳಿಗೆ ಹೋದರು.

ಇಷ್ಟು ಹೇಳಿದಾಗ ನನ್ನ ಸಹೋದ್ಯೋಗಿಗಳು, ಊರಿನ ಗೆಳೆಯರು ಎತ್ತುವ ಆಕ್ಷೇಪಗಳಿವೆ. ಅವು ಹುರುಳಿಲ್ಲದವಲ್ಲ.

ಮೊದಲನೆಯದು: ಪ್ರತಿ ಊರೂ ಒಲ್ಲೆ ಎಂದರೆ ಕಬ್ಬಿಣ ಎಲ್ಲಿಂದ ಬರಬೇಕು? ಸೇತುವೆ ಬೇಡವೇ, ಆಸ್ಪತ್ರೆಯ ಮಂಚ ಬೇಡವೇ? ಬೇಕು. ಆದರೆ ಒಲ್ಲೆ ಎನ್ನುವ ಹಕ್ಕು ಇದ್ದವರೆಲ್ಲ ಒಲ್ಲೆ ಎನ್ನುತ್ತಾರೆ ಎಂದು ಭಾವಿಸುವುದು ತಪ್ಪು. ಎಷ್ಟೋ ಕಡೆ ಜನ ಒಪ್ಪುತ್ತಾರೆ, ಷರತ್ತು ಹಾಕಿ ಒಪ್ಪುತ್ತಾರೆ: ಈ ಹಳ್ಳ ಮುಟ್ಟಬೇಡಿ, ಆ ಗುಡಿಯಿಂದ ದೂರ ಇರಿ, ಲಾರಿ ಊರೊಳಗೆ ಬರಬಾರದು. ಜೂಕನ್‌ನಲ್ಲಿ ಗುಹೆ ಉಳಿಸಿ ಅದಿರು ತೆಗೆಯುವ ಮೂರು ದಾರಿಗಳಿದ್ದವಲ್ಲ, ಕೇಳಿದ್ದರೆ ಅವುಗಳಲ್ಲಿ ಒಂದಕ್ಕೆ ಆ ಜನ ಒಪ್ಪುತ್ತಿದ್ದರೋ ಏನೋ. ಹಾಗಿದ್ದೂ ಕೆಲವು ಕಡೆ ಉತ್ತರ ಖಡಾಖಂಡಿತ 'ಇಲ್ಲ' ಎಂದೇ ಬರುತ್ತದೆ. ಆಗ ಒಂದಷ್ಟು ಅದಿರು ನೆಲದಲ್ಲೇ ಉಳಿಯುತ್ತದೆ, ಕಬ್ಬಿಣ ತುಸು ತುಟ್ಟಿಯಾಗುತ್ತದೆ. ಆ ಬೆಲೆಯನ್ನು ಗಣಿಯ ಪಕ್ಕದವರೊಬ್ಬರೇ ತೆರುವುದಕ್ಕಿಂತ ಕೊಳ್ಳುವ ನಾವೆಲ್ಲ ಹಂಚಿಕೊಂಡು ತೆರುವುದು ನ್ಯಾಯ ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಇದಕ್ಕಿಂತ ಕಷ್ಟದ್ದು: ಊರು ಎಂದರೆ ಯಾರು? 2011ರಲ್ಲಿ ಗಣಿ ನಿಂತಾಗ ಬೀದಿಗೆ ಬಿದ್ದವರು ಗುತ್ತಿಗೆದಾರರಲ್ಲ. ಅದಿರು ಆರಿಸುತ್ತಿದ್ದ ಕೂಲಿಯವರು, ಸಾಲ ಮಾಡಿ ಲಾರಿ ಕೊಂಡವರು. ಹೊಲವಿಲ್ಲದ ಮನುಷ್ಯನಿಗೆ ಶೇಂಗಾ ಸತ್ತರೇನು, ಉಳಿದರೇನು? ಗ್ರಾಮಸಭೆಯಲ್ಲಿಯೂ ದೊಡ್ಡ ದನಿ ದೊಡ್ಡವರದ್ದೇ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೆ ಕೇಳದೆ ತೆರೆದ ಗಣಿಯಲ್ಲಿ ಆ ಕೂಲಿಯವನ ದನಿಗೆ ಇನ್ನೂ ಕಡಿಮೆ ಜಾಗ. ಅವನನ್ನು ಕೇಳದೆ ತೆರೆದರು, ಅವನನ್ನು ಕೇಳದೆ ಮುಚ್ಚಿದರು.

ಮೂರನೆಯದು: ಒಪ್ಪಿಗೆಯನ್ನು ಕೊಳ್ಳಬಹುದು, ಹೆದರಿಸಿ ಪಡೆಯಬಹುದು. ನಿಜ. ಇಲ್ಲಿಯೇ ಮಾವನ ಮಾತು ನನಗೆ ದಾರಿ ತೋರಿಸುತ್ತದೆ. ಒಪ್ಪಿಗೆ ನಿಜವೋ ಸುಳ್ಳೋ ಎಂದು ತಿಳಿಯಲು ಒಪ್ಪಿದವನ ಸಹಿಯನ್ನಷ್ಟೇ ನೋಡಿದರೆ ಸಾಲದು. ಅವನು ಒಲ್ಲೆ ಎಂದಿದ್ದರೆ ಏನಾಗುತ್ತಿತ್ತು ಎಂಬುದನ್ನು ನೋಡಬೇಕು. ಒಲ್ಲೆ ಎಂದ ಮೇಲೂ ಅವನ ಹೊಲದಲ್ಲಿ ಬೆಳೆ ಬೆಳೆಯುವಂತಿದ್ದರೆ, ಅವನು ಹೂಂ ಎಂದದ್ದಕ್ಕೆ ಅರ್ಥವಿದೆ. ಒಲ್ಲೆ ಎಂದರೂ ಹೊಲ ಸಾಯುವಂತಿದ್ದರೆ, ಹೂಂ ಎಂದದ್ದು ಅಸಹಾಯಕತೆಯ ಇನ್ನೊಂದು ಹೆಸರು. ಹಾಗಾಗಿ ಕೇಳುವುದು ಮೊದಲ ಲಾರಿ ಬರುವ ಮೊದಲೇ ಆಗಬೇಕು. ಇರುವ ದಾರಿಗಳೆಲ್ಲವನ್ನೂ ಮುಚ್ಚಿಡದೆ ಹೇಳಬೇಕು. ನೆಲದಡಿ ಹೊಸದೇನಾದರೂ ಕಂಡರೆ ಮತ್ತೆ ಬಂದು ಕೇಳಬೇಕು. ಒಬ್ಬೊಬ್ಬರನ್ನೇ ಬೇರೆ ಮಾಡಿ ಕೇಳದೆ ಊರನ್ನು ಕೂಡಿಸಿ ಕೇಳಬೇಕು.

ಜೂಕನ್ ನಂತರ ಇಲ್ಲಿ ಏನಾಯಿತು ಎಂಬುದನ್ನೂ ಹೇಳಬೇಕು. ಕಂಪನಿಯ ಮುಖ್ಯಸ್ಥರೂ ಇನ್ನಿಬ್ಬರು ಹಿರಿಯ ಅಧಿಕಾರಿಗಳೂ ಹುದ್ದೆ ಬಿಡಬೇಕಾಯಿತು. ರಾಜ್ಯ ಸರ್ಕಾರ 2021ರಲ್ಲಿ ಹೊಸ ಕಾಯ್ದೆ ತಂದು 2023ರ ಜುಲೈ 1ರಿಂದ ಜಾರಿ ಮಾಡಿತು. ರೈತರಿಂದ, ಭೂಮಾಲೀಕರಿಂದ ವಿರೋಧ ಬಂತು. ಐದೇ ವಾರಗಳಲ್ಲಿ, ಆಗಸ್ಟಿನಲ್ಲಿ, ಅದನ್ನು ಹಿಂದಕ್ಕೆ ಪಡೆಯುವುದಾಗಿ ಸರ್ಕಾರ ಘೋಷಿಸಿತು. 1972ರ ಕಾಯ್ದೆಯೇ ಕೆಲವು ತಿದ್ದುಪಡಿಗಳೊಂದಿಗೆ ಮರಳಿತು. ಈಗ ನೆಲದ ಜನರಿಗೂ ಸಚಿವರ ತೀರ್ಮಾನವನ್ನು ಪ್ರಶ್ನಿಸುವ ಹಕ್ಕಿದೆ. ಹೊಸ ಸಂಗತಿ ತಿಳಿದರೆ ಸಚಿವರಿಗೆ ತಿಳಿಸಬೇಕು. ಇದು ಸಣ್ಣ ಸುಧಾರಣೆಯೇನೂ ಅಲ್ಲ. ಆದರೂ ಕೊನೆಯ ಮಾತು ಈಗಲೂ ಸರ್ಕಾರದ್ದೇ. ಶ್ರೀಮಂತ ದೇಶ, ಶುದ್ಧ ಆಡಳಿತ, ಇಡೀ ಜಗತ್ತಿನ ಮುಂದೆ ನಾಚಿಕೆ, ಇಷ್ಟೆಲ್ಲ ಇದ್ದೂ ಒಲ್ಲೆ ಎನ್ನುವ ಹಕ್ಕನ್ನು ಕೊಡುವುದು ಇಲ್ಲಿಯೂ ಆಗಿಲ್ಲ. ಭಾರತ ಆಸ್ಟ್ರೇಲಿಯಾದಂತೆ ಆಗಬೇಕು ಎನ್ನುವ ನಮ್ಮ ಅನಿವಾಸಿ ಹರಟೆಗಳಲ್ಲಿ ಇದನ್ನು ನೆನಪಿಡುವುದು ಒಳ್ಳೆಯದು. ನಿಯಮಗಿರಿಯ ಹನ್ನೆರಡು ಹಳ್ಳಿಗಳು ಮಾಡಿದ್ದನ್ನು ಇಲ್ಲಿಯವರು ನಮ್ಮಿಂದ ಕಲಿಯಬಹುದು.

ಇದನ್ನೆಲ್ಲ ಬರೆದು ನಾನು ಕೆಲಸ ಬಿಡುತ್ತೇನೆಯೇ? ಇಲ್ಲ. ನಾಳೆ ಬೆಳಿಗ್ಗೆ ಮತ್ತೆ ಬೆಲ್ಟುಗಳ ಪಟ್ಟಿ ನೋಡಲು ಕೂರುತ್ತೇನೆ. ಅದಿರಿನ ದುಡ್ಡಿನಲ್ಲಿ ಬೆಳೆದವನು ಅದಿರಿನ ವಿರುದ್ಧ ಮಾತಾಡಬಾರದು ಎನ್ನುವವರಿದ್ದಾರೆ. ನನಗನ್ನಿಸುವುದು, ಅದರ ದುಡ್ಡು ಉಂಡವರು ಮಾತಾಡದಿದ್ದರೆ ಧೂಳು ಉಂಡವರು ಮಾತ್ರ ಮಾತಾಡಬೇಕಾಗುತ್ತದೆ; ಅವರ ಮಾತನ್ನು ಯಾರೂ ಇದುವರೆಗೆ ಬರೆದುಕೊಳ್ಳುವುದಕ್ಕಿಂತ ಹೆಚ್ಚು ಮಾಡಿಲ್ಲ. ನನ್ನ ಕಚೇರಿಯ ಸಭೆಗಳಲ್ಲಿ ಹೊಸ ಜಾಗದ ಕೆಲಸ ಬಂದಾಗ, ಅಲ್ಲಿಯ ಜನರನ್ನು ಯಾವಾಗ ಕೇಳಿದಿರಿ ಎಂಬ ಒಂದು ಪ್ರಶ್ನೆಯನ್ನು ಕೇಳಲು ಶುರು ಮಾಡಿದ್ದೇನೆ. ಕೇಳಿದಿರಾ ಎಂದಲ್ಲ, ಯಾವಾಗ ಎಂದು. ಕೆಲವರಿಗೆ ಕಿರಿಕಿರಿಯಾಗುತ್ತದೆ. ಕೆಲವು ಸಲ ಉತ್ತರ ಸಿಗುತ್ತದೆ.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಮಾವನ ಹೊಲಕ್ಕೆ ಹೋಗಿದ್ದೆ. ಆತ ಜೆಸಿಬಿ ತರಿಸಿ ಮೇಲಿನ ಪುಡಿಯನ್ನು ಬಳಿದು ತೆಗೆಸಿ, ಕೆರೆಯ ಹೂಳು ಹಾಕಿಸಿದ್ದಾನೆ. ಎರಡು ಎಕರೆಯಲ್ಲಿ ಜೋಳ ಎದೆಮಟ್ಟಕ್ಕೆ ಬಂದಿತ್ತು. ಉಳಿದ ಮೂರು ಎಕರೆ ಇನ್ನೂ ಕೆಂಪಗೇ ಇದೆ. ಬದುವಿನ ಮೇಲೆ ಕೂತು, "ಮತ್ತೆ ಯಾರಾದರೂ ಬಂದು ಹೊಲ ಕೇಳಿದರೆ ಏನಂತಿ ಮಾವ?" ಎಂದೆ.

ಆತ ಸ್ವಲ್ಪ ಹೊತ್ತು ಜೋಳದ ಕಡೆ ನೋಡಿದ. "ಈ ಸಲ ನಾನೊಬ್ಬನೇ ಹೇಳಂಗಿಲ್ಲ. ಆಕಡೆ ಈಕಡೆ ಹೊಲದಾವ್ರನ್ನ ಕರೀರಿ, ಎಲ್ಲಾರೂ ಕುಂತು ಮಾತಾಡಿ ಆಮ್ಯಾಲೆ ಹೇಳ್ತೀವಿ ಅಂತೀನಿ" ಎಂದ.